ನಾಯಿಯ ಒಸಡು ಏಕೆ ಬಿಳಿಚಿತು?

ಮಕ್ಕಳೇ, ನಿಮ್ಮ ಮನೆಯ ನಾಯಿಯ ಒಸಡು ಯಾವ ಬಣ್ಣ? ಆರೋಗ್ಯವಾಗಿದ್ದರೆ ಅದು ನಸುಗೆಂಪು. (ಕೆಲವಕ್ಕೆ ಹುಟ್ಟಿನಿಂದಲೇ ಕಪ್ಪು, ಆಗ ಕಣ್ಣಿನ ಕೆಳರೆಪ್ಪೆಯ ಒಳಭಾಗ ನೋಡಬೇಕು.)

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ತೋಟ, ಗುಡ್ಡ ಸುತ್ತಿ ಬರುವ ನಾಯಿಗಳ ಕಿವಿಯಲ್ಲಿ ಉಣುಗು ಕಚ್ಚಿಕೊಂಡಿರುತ್ತದೆ. ಉಣುಗಿನಿಂದ ಬೆಬೀಸಿಯ ಎಂಬ ಸೂಕ್ಷ್ಮಜೀವಿ ಕೆಂಪು ರಕ್ತಕಣಗಳೊಳಗೆ ಸೇರಬಹುದು. ದೇಹದ ರೋಗನಿರೋಧಕ ವ್ಯವಸ್ಥೆ ಅದನ್ನು ಹುಡುಕುವಾಗ ಕೆಲವೊಮ್ಮೆ ಗುರುತು ತಪ್ಪಿ ಒಳ್ಳೆಯ ಕಣಗಳನ್ನೂ ನಾಶಮಾಡುತ್ತದೆ! ಉಣುಗಿಲ್ಲದೆಯೂ ಹೀಗಾಗುವುದುಂಟು. ನೂರಕ್ಕೂ ಹೆಚ್ಚು ದಿನ ಬಾಳಬೇಕಾದ ಕಣಗಳು ಬೇಗನೆ ಮುಗಿಯುತ್ತವೆ. ಒಸಡು ಬಿಳಿಚುತ್ತದೆ, ಮೂತ್ರ ಕಾಫಿಬಣ್ಣಕ್ಕೆ ತಿರುಗಬಹುದು, ನಾಯಿ ಏದುಸಿರು ಬಿಡುತ್ತದೆ. ಕೆಲವೇ ದಿನಗಳಲ್ಲಿ ಸಾಯಲೂಬಹುದು.

ಹೊಸ ಕಣಗಳನ್ನು ಹುಟ್ಟಿಸುವುದು ಎಲುಬಿನ ಮಜ್ಜೆಯಲ್ಲಿರುವ ಆಕರಕೋಶಗಳು. ಮನುಷ್ಯರಿಗೆ ಮಜ್ಜೆಯ ಕಸಿ ಮಾಡುವ ವಿಧಾನವನ್ನು ಅಮೆರಿಕದ ಡೊನಾಲ್ ಥಾಮಸ್ ವರ್ಷಗಟ್ಟಲೆ ನಾಯಿಗಳಲ್ಲೇ ಪ್ರಯೋಗಿಸಿ ಕಲಿತರು. 1990ರಲ್ಲಿ ನೊಬೆಲ್ ಪಡೆದರು. ಆ ಋಣ ತೀರಿಸುವಂತೆ ಈಗ, ಕೊಬ್ಬಿನಿಂದ ತೆಗೆದ ಇನ್ನೊಂದು ಬಗೆಯ ಆಕರಕೋಶಗಳನ್ನು ನಾಯಿಯ ರಕ್ತನಾಳಕ್ಕೆ ಕೊಟ್ಟು, ದಾರಿ ತಪ್ಪಿದ ರೋಗನಿರೋಧಕ ವ್ಯವಸ್ಥೆಯನ್ನು ಸುಮ್ಮನಾಗಿಸುವ ಪ್ರಯತ್ನ ನಡೆದಿದೆ. ಅದಿನ್ನೂ ಪ್ರಯೋಗದ ಹಂತದಲ್ಲಿದೆ. ಸದ್ಯ ಪಶುವೈದ್ಯರು ಈ ಕೆಲಸಕ್ಕೆ ಪ್ರೆಡ್ನಿಸೊಲೋನ್ ಔಷಧಿ ಬಳಸುತ್ತಾರೆ. ರಕ್ತ ತೀರಾ ಕಡಿಮೆಯಾದರೆ ಬೇರೆ ನಾಯಿಯ ರಕ್ತ ಕೊಡುತ್ತಾರೆ.

ಇಂದು ಸಂಜೆ ಹಿರಿಯರು ನಾಯಿಯ ತುಟಿ ಎತ್ತಲಿ, ನೀವು ನೋಡಿ. ಬಿಳಿಚಿದ್ದರೆ ನಾಳೆಗೆ ಕಾಯದೆ ಪಶು ಆಸ್ಪತ್ರೆಗೆ ಒಯ್ಯಿರಿ. ಉಣುಗನ್ನು ಬರಿಗೈಯಲ್ಲಿ ಹಿಸುಕಬೇಡಿ.