ಕಾಕಾನ ಉತ್ತರ ಕಾಕಾನೇ ಒತ್ತಲಿ

ನಾಸಿಕ್ ರೋಡ್

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಮಾತಿಗೆ ಅವಸರದ ಉತ್ತರ ಕೊಡಲು ಮನಸ್ಸಾಗಲಿಲ್ಲ, ಅದಕ್ಕೆ ಈ ಪತ್ರ. ಸಂಭಾಜಿನಗರದ ವಾಳೂಜ್‌ನಲ್ಲಿ, ನಿನ್ನ ಕಾರ್ಖಾನೆಯಲ್ಲಿ, ಸೇಫ್ಟಿಯ ಆನ್‌ಲೈನ್ ಟ್ರೇನಿಂಗ್ ಕಡ್ಡಾಯ ಮಾಡಿದ್ದಾರೆ. ಕ್ವಿಜ್‌ನ ಉತ್ತರಗಳು ವಾಟ್ಸಾಪ್ ಗ್ರೂಪಿನಲ್ಲಿ ಓಡಾಡುತ್ತಿವೆ. ಪ್ರೆಸ್ ಶಾಪಿನ ಹಿರಿಯ ಕಾಕಾ ಒಬ್ಬರು ತಮ್ಮ ಪಾಸ್‌ವರ್ಡನ್ನು ನಿನ್ನ ಕೈಗೇ ಕೊಟ್ಟು, ‘ನೀನೇ ಮುಗಿಸಿಬಿಡು ಬೇಟಾ’ ಅಂದಿದ್ದಾರೆ. ಅಷ್ಟು ಹಿರಿಯರಿಗೆ ಇಲ್ಲ ಅನ್ನೋದು ಹೇಗೆ ದೊಡ್ಡಪ್ಪ, ಅಂತ ಕೇಳಿದೆ.

ಇಲ್ಲ ಅನ್ನಲೇಬೇಕು ತಾಯಿ. ಆದರೆ ನಿಯಮದ ಪುಸ್ತಕ ತೋರಿಸಿ ಅನ್ನಬೇಡ.

ನಿನ್ನ ಕೋರ್ಸಿನ ಮೊದಲ ಪಾಠವೇ ಲಾಕ್ ಔಟ್–ಟ್ಯಾಗ್ ಔಟ್ ಅಂದೆ. ಯಂತ್ರದ ಒಳಗೆ ಕೈ ಹಾಕುವವನು ಮೊದಲು ಐಸೊಲೇಟರ್ ಆಫ್ ಮಾಡಿ ತನ್ನದೇ ಬೀಗ ಹಾಕುತ್ತಾನೆ, ಬೀಗದ ಕೈ ತನ್ನ ಜೇಬಿನಲ್ಲೇ ಇಟ್ಟುಕೊಳ್ಳುತ್ತಾನೆ. ಎಷ್ಟೇ ಆಪ್ತನಾದರೂ ಪಕ್ಕದವನಿಗೆ ಅದನ್ನು ಕೊಡುವುದಿಲ್ಲ. ಆ ಪಾಠದ ಪರೀಕ್ಷೆಯನ್ನು ಇನ್ನೊಬ್ಬರ ಪಾಸ್‌ವರ್ಡ್ ಹಾಕಿ ಬರೆದರೆ ಪಾಠವನ್ನೇ ಸುಳ್ಳು ಮಾಡಿದಂತೆ. ಯೋಚಿಸು: ಆಫ್ ಮಾಡಿದ ಮೇಲೂ ಡ್ರೈವ್‌ನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ, ಹೈಡ್ರಾಲಿಕ್ ಲೈನಿನಲ್ಲಿ ಒತ್ತಡ ಉಳಿದಿರುತ್ತದೆ, ಪ್ರೆಸ್ಸಿನಲ್ಲಿ ಎತ್ತಿ ನಿಲ್ಲಿಸಿದ ರ‍್ಯಾಮ್ ತನ್ನ ಭಾರಕ್ಕೇ ಕೆಳಗಿಳಿಯಬಹುದು. ಕಾಕಾನಿಗೆ ಇದು ಗೊತ್ತಿಲ್ಲದಿದ್ದರೆ ಆ ಸಂಗತಿ ಕಲಿಸುವವರಿಗೆ ತಿಳಿಯಬೇಕು. ನೀನು ಅವರ ಹೆಸರಿನಲ್ಲಿ ನೂರಕ್ಕೆ ನೂರು ಹಾಕಿಬಿಟ್ಟರೆ, ಅವರಿಗೆ ಯಾರೂ ಮತ್ತೆ ಹೇಳಿಕೊಡುವುದಿಲ್ಲ. ಗೊತ್ತಿಲ್ಲ ಎಂಬುದು ತೋರಿಬರಲಿ ಎಂದೇ ಪರೀಕ್ಷೆ ಇಟ್ಟಿರುವುದು. ಶಾಪಿನ ಅರ್ಧ ಜನ ಒಂದೇ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಪಾಠ ಸರಿಯಿಲ್ಲ ಎಂದು ಗೊತ್ತಾಗುತ್ತದೆ, ಇನ್ನೊಮ್ಮೆ ತರಗತಿ ಇಡುತ್ತಾರೆ. ಗ್ರೂಪಿನಲ್ಲಿ ಬಂದ ಉತ್ತರ ಎಲ್ಲರೂ ಒತ್ತಿದರೆ ಆ ದಾರಿಯೇ ಮುಚ್ಚಿಹೋಯಿತು.

1984ರ ಡಿಸೆಂಬರಿನ ಭೋಪಾಲ್ ಕಾರ್ಖಾನೆಯ ಅನಿಲ ದುರಂತ ನಿನಗೆ ಪಠ್ಯಪುಸ್ತಕದ ಮಾತು, ನಮ್ಮ ತಲೆಮಾರಿಗೆ ಹಾಗಲ್ಲ. ಆ ಕಾರ್ಖಾನೆಯಲ್ಲಿ ದುರಂತಕ್ಕೆ ಮುಂಚಿನ ವರ್ಷಗಳಲ್ಲಿ ಕೆಲಸಗಾರರ ತರಬೇತಿಯನ್ನು ಮೊಟಕು ಮಾಡಿದ್ದರು. ದುರಂತ ಆದ ಮೇಲೆ, 1987ರಲ್ಲಿ, 1948ರ ಕಾರ್ಖಾನೆ ಕಾಯ್ದೆಗೆ 111ಎ ಎಂಬ ಹೊಸ ಕಲಮು ಸೇರಿತು. ಸುರಕ್ಷತೆಯ ಮಾಹಿತಿ ಪಡೆಯುವುದು, ತರಬೇತಿ ಪಡೆಯುವುದು ಕಾರ್ಮಿಕನ ಹಕ್ಕು ಎಂದು ಅದು ಬರೆಯಿತು. ಹಕ್ಕು ಎಂಬ ಆ ಮಾತು ಎಷ್ಟು ಜೀವ ಹೋದ ಮೇಲೆ ಬಂತು ನೋಡು. ಕಾಕಾನ ಪರವಾಗಿ ನೀನು ಕ್ಲಿಕ್ ಮಾಡಿದರೆ, ಪ್ರೀತಿಯಿಂದಲೇ ಆದರೂ, ಅವರ ಪಾಲಿಗೆ ಬಂದಿದ್ದ ಆ ಹಕ್ಕನ್ನು ಕಿತ್ತುಕೊಂಡ ಹಾಗಾಗುತ್ತದೆ.

ನಾನು ಇದ್ದದ್ದು ರೈಲಿನ ಕರೆಂಟಿನ ಕೆಲಸದಲ್ಲಿ. ರೈಲ್ವೆಯ ಎಲೆಕ್ಟ್ರಿಕಲ್ ಅಧಿಕಾರಿಗಳಿಗೆ ಕಲಿಸುವ ಸಂಸ್ಥೆ 1988ರಿಂದ ಇದೇ ನಾಸಿಕ್ ರೋಡಿನಲ್ಲಿದೆ. ಈ ಊರಿಗೆ ಟ್ರೇನಿಂಗ್ ಎಂದರೆ ಹೊಸ ಮಾತಲ್ಲ. ಹಳಿಯ ಮೇಲಿನ ತಂತಿಯಲ್ಲಿ 25,000 ವೋಲ್ಟ್. ಕರೆಂಟ್ ಇರುವ ಭಾಗದಿಂದ 2 ಮೀಟರ್ ದೂರ ಇರಬೇಕು. ಅದಕ್ಕಿಂತ ಹತ್ತಿರ ಹೋಗಬೇಕಾದರೆ ಕರೆಂಟ್ ನಿಲ್ಲಿಸುವ ಪವರ್ ಬ್ಲಾಕ್ ಪಡೆದು, ಕೆಲಸದ ಜಾಗದ ಎರಡೂ ಕಡೆ ಅರ್ಥಿಂಗ್ ಮಾಡಿಯೇ ತಂತಿ ಮುಟ್ಟಬೇಕು. ಆಫ್ ಆದ ತಂತಿಗೆ ಅರ್ಥಿಂಗ್ ಯಾಕೆ ಎಂದು ಹೊಸ ಹುಡುಗರು ಕೇಳುತ್ತಾರೆ. ಪಕ್ಕದ ಲೈನಿನಲ್ಲಿ ಕರೆಂಟ್ ಇದ್ದರೆ ಇಂಡಕ್ಷನ್‌ನಿಂದ ಇದರಲ್ಲೂ ವೋಲ್ಟೇಜ್ ಬರುತ್ತದೆ. ‘ಎರಡೂ ಕಡೆ’ ಎಂಬ ಉತ್ತರವನ್ನು ನಕಲು ಮಾಡಿದವನಿಗೆ ಈ ಯಾಕೆ ಗೊತ್ತಿರುವುದಿಲ್ಲ. ಮಳೆಯಲ್ಲಿ, ರಾತ್ರಿಯಲ್ಲಿ, ತಡವಾಯಿತು ಎಂದು ಮೇಲಿನವರು ಕೂಗುತ್ತಿರುವಾಗ ಅವನು ಒಂದೇ ಕಡೆ ಅರ್ಥಿಂಗ್ ಕಟ್ಟಿ ಹತ್ತಿಬಿಡುತ್ತಾನೆ.

ಕಾಕಾನ ತೊಂದರೆಯೂ ನಿಜ, ಅದನ್ನು ನಾನು ಹಗುರ ಮಾಡುವುದಿಲ್ಲ. ಕೋರ್ಸು ಇಂಗ್ಲಿಷಿನಲ್ಲಿದೆ, ಅವರು ಓದಿದ್ದು ಮರಾಠಿಯಲ್ಲಿ. ಇಲ್ಲಿ ನಿನ್ನಿಂದ ಆಗುವ ಸಹಾಯ ದೊಡ್ಡದು. ಅವರ ಭಾಷೆಯಲ್ಲೇ ಹೇಳು: ‘ಕಾಕಾ, ನಾನು ಪಕ್ಕ ಕೂತು ಪ್ರಶ್ನೆಯ ಅರ್ಥ ಹೇಳ್ತೀನಿ, ಉತ್ತರ ನೀವೇ ಒತ್ತಿ.’ ಪ್ರಶ್ನೆಯ ಅರ್ಥ ಹೇಳುವುದು ಕಲಿಸುವುದು, ‘ಮೂರನೇದು ಒತ್ತಿ’ ಅನ್ನುವುದು ವಂಚನೆ. ಈ ಗೆರೆ ದಾಟಬೇಡ. ತಪ್ಪಾದರೆ ಆಗಲಿ, ಮತ್ತೆ ಬರೆಯಲಿ. ಆಮೇಲೆ ಇಬ್ಬರೂ ಸೇರಿ ಸೂಪರ್‌ವೈಸರ್ ಹತ್ತಿರ ಹೋಗಿ, ಕೋರ್ಸು ಮರಾಠಿಯಲ್ಲೂ ಬೇಕು, ಪಾಳಿಯ ಹೊತ್ತಿನಲ್ಲೇ ಅದಕ್ಕೆ ಸಮಯ ಬೇಕು ಎಂದು ಕೇಳಿ. ರಾತ್ರಿ ಪಾಳಿ ಮುಗಿಸಿದವರು ಮನೆಗೆ ಹೋಗಿ ಮೊಬೈಲಿನಲ್ಲಿ ಪಾಠ ನೋಡಲಿ ಅನ್ನುವುದು ನನ್ನ ಪ್ರಕಾರ ಅನ್ಯಾಯ.

ತರಬೇತಿಯ ಗಂಟೆ ಎಣಿಸುವ ರೂಢಿಯೂ ಜನರನ್ನು ಕೆಡಿಸುತ್ತದೆ. 2020ರಲ್ಲಿ ಕೇಂದ್ರ ಸರ್ಕಾರ ತನ್ನ ನೌಕರರಿಗೆ ಮಿಷನ್ ಕರ್ಮಯೋಗಿ ಎಂಬ ತರಬೇತಿ ಯೋಜನೆ ತಂದಿತು. 2024ರ ಅಕ್ಟೋಬರಿನ ಕಲಿಕಾ ಸಪ್ತಾಹದಲ್ಲಿ ಪ್ರತಿಯೊಬ್ಬರೂ ಕನಿಷ್ಠ 4 ಗಂಟೆ ಕಲಿಯಬೇಕು ಎಂದಿತು. ಉದ್ದೇಶ ಒಳ್ಳೆಯದೇ. ಆದರೆ ಬರೀ ಗಂಟೆ ಎಣಿಸಿದರೆ ವೀಡಿಯೊ ಓಡುತ್ತಿರುತ್ತದೆ, ಮನುಷ್ಯ ಚಹಾಕ್ಕೆ ಹೋಗಿರುತ್ತಾನೆ. ಆನ್‌ಲೈನ್ ಕೋರ್ಸು ನಡೆಸುವ ಐಐಟಿಗಳ ಎನ್‌ಪಿಟಿಇಎಲ್‌ನವರು ಇದಕ್ಕೆ ಬೇರೆ ದಾರಿ ಹಿಡಿದರು. ಮನೆಯಲ್ಲಿ ಮಾಡುವ ಅಸೈನ್‌ಮೆಂಟಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಸರ್ಟಿಫಿಕೇಟ್ ಬೇಕಾದರೆ ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬೇರೆ ಬೇರೆಯಾಗಿಯೇ ಬರಬೇಕು. ನಿಮ್ಮ ಕಾರ್ಖಾನೆಯಲ್ಲೂ ಕ್ವಿಜ್ ಆದ ಮೇಲೆ ಯಂತ್ರದ ಮುಂದೆ ನಿಲ್ಲಿಸಿ ‘ಬೀಗ ಹಾಕಿ ತೋರಿಸು’ ಅನ್ನಲಿ. ನಿನಗೆ ಅವಕಾಶ ಸಿಕ್ಕರೆ ಈ ಸಲಹೆ ಕೊಡು.

ಎಐ ಬಗ್ಗೆಯೂ ನೀನು ಕೇಳಿದ್ದೆ. ಅರ್ಥವಾಗದ ಪಾಠ ಬಿಡಿಸಿ ಹೇಳು ಎಂದು ಅದನ್ನು ಕೇಳು, ಕಂಪನಿಯ ನಿಯಮ ಒಪ್ಪುವಷ್ಟು ಮಟ್ಟಿಗೆ. ಕ್ವಿಜ್‌ನ ಪ್ರಶ್ನೆ ಹಾಕಿ ಉತ್ತರ ತೆಗೆಯಬೇಡ.

ಗ್ರೂಪಿನಲ್ಲಿ ಬಂದ ಉತ್ತರಗಳನ್ನು ಮುಂದೆ ಕಳಿಸಬೇಡ. ಕಳಿಸಿದವರನ್ನು ಎಲ್ಲರೆದುರು ಅವಮಾನ ಮಾಡಲೂ ಬೇಡ. ನೀನು ತಪ್ಪು ಮಾಡಿದ ಪ್ರಶ್ನೆಗಳನ್ನು ಒಂದು ಕಾಗದದಲ್ಲಿ ಬರೆದಿಡು. ರಜೆ ಸಿಕ್ಕಾಗ ತಪೋವನ ಎಕ್ಸ್‌ಪ್ರೆಸ್ ಹತ್ತಿ ಇಲ್ಲಿಗೆ ಬರುತ್ತೀಯಲ್ಲ, ಆಗ ತಾ. ಡ್ರೈವ್, ಕೆಪಾಸಿಟರ್, ಅರ್ಥಿಂಗ್ ನಾನು ಹೇಳಿಕೊಡುತ್ತೇನೆ. ಹೈಡ್ರಾಲಿಕ್ಸ್ ಮಾತ್ರ ನಿಮ್ಮ ಮೆಂಟೆನೆನ್ಸ್‌ನವರನ್ನೇ ಕೇಳು. ಕಾಕಾನನ್ನೂ ಜೊತೆಗೆ ಕರೆದುಕೊಂಡು ಹೋಗು.

ನಿನ್ನ
ದೊಡ್ಡಪ್ಪ