ಇಥಿಯೋಪಿಯದ ಒಂದು ಅಕ್ಷರ ಮತ್ತು ಅದರ ಸಂಖ್ಯೆ

ಗಣಕಯಂತ್ರಕ್ಕೆ ಅಕ್ಷರಜ್ಞಾನವಿಲ್ಲ, ಅದು ಬಲ್ಲುದು ಸಂಖ್ಯೆಗಳನ್ನು ಮಾತ್ರ. ಆದುದರಿಂದ ಯಾವ ಲಿಪಿಯೇ ಆಗಲಿ ಗಣಕದೊಳಕ್ಕೆ ಪ್ರವೇಶಿಸಬೇಕಾದರೆ ಅದರ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಬೇಕಾಗುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಹೀಗೆ ಸಂಖ್ಯೆಗಳನ್ನು ಹಂಚಿಕೊಡುವ ವ್ಯವಸ್ಥೆಗೆ ಯೂನಿಕೋಡ್ ಎಂದು ಹೆಸರು. ಕೆಲಸ ಮೇಲುನೋಟಕ್ಕೆ ಸುಲಭ. ಆದರೆ ಸಂಖ್ಯೆ ಕೊಡುವ ಮೊದಲು ‘ಅಕ್ಷರವೆಂದರೆ ಯಾವುದು?’ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಷ್ಟೆ. ಈ ಪ್ರಶ್ನೆಯ ತೊಡಕನ್ನು ಇಥಿಯೋಪಿಯದ ಲಿಪಿಯ ಒಂದೇ ಒಂದು ಅಕ್ಷರದ ಮೂಲಕ ಪರಿಶೀಲಿಸೋಣ.

ಆಫ್ರಿಕದ ಈಶಾನ್ಯಭಾಗದ ಇಥಿಯೋಪಿಯ, ಎರಿಟ್ರಿಯ ದೇಶಗಳಲ್ಲಿ ಅಂಹಾರಿಕ್, ತಿಗ್ರಿನ್ಯ ಮೊದಲಾದ ಭಾಷೆಗಳನ್ನು ಈ ಲಿಪಿಯಲ್ಲಿ ಬರೆಯುತ್ತಾರೆ. ಮೂಲತಃ ಇದು ಗೀಜ್ ಎಂಬ ಪ್ರಾಚೀನ ಭಾಷೆಯ ಲಿಪಿ; ಆ ಭಾಷೆ ಅಲ್ಲಿಯ ಕ್ರೈಸ್ತರ ಪೂಜಾವಿಧಿಗಳಲ್ಲಿ ಇಂದಿಗೂ ಉಳಿದಿದೆ. ಮೊದಮೊದಲು ವ್ಯಂಜನಗಳನ್ನು ಮಾತ್ರ ಬರೆಯುತ್ತಿದ್ದರು. ಕ್ರಿ. ಶ. ೪ನೆಯ ಶತಮಾನದ ಸುಮಾರಿಗೆ, ಅಕ್ಸುಮ್ ರಾಜ್ಯದ ಕಾಲದಲ್ಲಿ, ಸ್ವರಗಳನ್ನು ತೋರಿಸುವ ಪದ್ಧತಿ ಬಂದಿತು. ಆಗ ಪ್ರತಿಯೊಂದು ವ್ಯಂಜನಕ್ಕೂ ಏಳು ರೂಪಗಳಾದುವು. ‘ಲ’ಕಾರದ ಮೊದಲ ರೂಪ ಎರಡು ಕಾಲುಗಳನ್ನು ಅಗಲಿಸಿ ನಿಲ್ಲಿಸಿದ ಏಣಿಯಂತಿದೆ. ಬಲಗಾಲಿನ ನಡುವೆ ಒಂದು ಗೀಟೆಳೆದರೆ ‘ಲು’. ಅದೇ ಗೀಟನ್ನು ಪಾದಕ್ಕೆ ಇಳಿಸಿದರೆ ‘ಲಿ’. ಪಾದಕ್ಕೆ ಉಂಗುರ ತೊಡಿಸಿದರೆ ‘ಲೇ’. ಇದನ್ನು ಕಂಡ ಕನ್ನಡಿಗನಿಗೆ ತನ್ನ ಕಾಗುಣಿತ ನೆನಪಾಗದಿರದು.

ಆದರೆ ಗಣಕದಲ್ಲಿ ಈ ಎರಡು ಕಾಗುಣಿತಗಳ ದಾರಿ ಬೇರೆ ಬೇರೆಯಾಯಿತು. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡವಿತ್ತು. ಅಲ್ಲಿ ‘ಲ’ ಅಕ್ಷರಕ್ಕೆ ೩೨೫೦, ಗುಡಿಸಿನ ಚಿಹ್ನೆಗೆ ೩೨೬೩. ‘ಲಿ’ ಎಂಬುದಕ್ಕೆ ಪ್ರತ್ಯೇಕ ಸಂಖ್ಯೆಯಿಲ್ಲ, ಎರಡೂ ಸೇರಿದರೆ ಅದಾಗುತ್ತದೆ. ಇಥಿಯೋಪಿಯದ ಲಿಪಿ ೧೯೯೯ರ ಮೂರನೆಯ ಆವೃತ್ತಿಯಲ್ಲಿ ಸೇರಿತು. ಅಲ್ಲಿ ಸ್ವರದ ಗುರುತು ಎಲ್ಲ ವ್ಯಂಜನಗಳಿಗೂ ಒಂದೇ ರೀತಿಯಾಗಿ ಹತ್ತುವುದಿಲ್ಲ. ಎಷ್ಟೋ ಕಡೆ ಅಕ್ಷರದ ಮೈಯಲ್ಲಿಯೇ ಕರಗಿಹೋಗುತ್ತದೆ. ಆದಕಾರಣ ಇಡೀ ‘ಲಿ’ಗೆ ೪೬೧೮ ಎಂಬ ಒಂದೇ ಸಂಖ್ಯೆ ದೊರೆಯಿತು. ಒಂದೊಂದು ವ್ಯಂಜನಕ್ಕೂ ಎಂಟು ಸ್ಥಾನಗಳು: ಸಾಮಾನ್ಯವಾಗಿ ಏಳು ಸ್ವರಗಳಿಗೆ, ಎಂಟನೆಯದು ‘ಲ್ವಾ’ದಂತಹ ರೂಪಕ್ಕೆ. ೪೬೧೮ನ್ನು ೮ರಿಂದ ಭಾಗಿಸಿದರೆ ಶೇಷ ೨. ಸೊನ್ನೆಯಿಂದ ಎಣಿಸಿದರೆ ಇದು ಮೂರನೆಯ ಸ್ವರ. ‘ಮಿ’ಯ ಸಂಖ್ಯೆಯಾದ ೪೬೩೪ನ್ನು ಭಾಗಿಸಿದರೂ ಶೇಷ ೨ೇ ಬರುತ್ತದೆ.

ಇನ್ನು ಈ ಸಂಖ್ಯೆಯನ್ನು ಕಡತದಲ್ಲಿ ಇರಿಸುವ ಬಗೆ. ಗಣಕದ ಒಂದು ಬೈಟಿನಲ್ಲಿ ೨೫೫ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದು. ಆದ್ದರಿಂದ ಯು.ಟಿ.ಎಫ್.-೮ ಎಂಬ ಕ್ರಮದಲ್ಲಿ ಅದನ್ನು ಹಂಚುತ್ತಾರೆ. ೪೬೧೮ರಲ್ಲಿ ೪೦೯೬ ಒಂದು ಸಲ, ೬೪ ಎಂಟು ಸಲ, ಉಳಿದುದು ೧೦. ಮೊದಲನೆಯದಕ್ಕೆ ೨೨೪ನ್ನೂ ಉಳಿದೆರಡಕ್ಕೆ ೧೨೮ನ್ನೂ ಕೂಡಿಸಿದರೆ ೨೨೫, ೧೩೬, ೧೩೮ ಎಂಬ ಮೂರು ಬೈಟುಗಳಾಗುತ್ತವೆ. ನಮ್ಮ ‘ಲಿ’ಗೆ ಎರಡು ಸಂಖ್ಯೆಗಳಿರುವುದರಿಂದ ಆರು ಬೈಟುಗಳು ಬೇಕು: ೨೨೪, ೧೭೮, ೧೭೮, ೨೨೪, ೧೭೮, ೧೯೧.

ಹಾಗಾದರೆ ಇಥಿಯೋಪಿಯದ ಮಾರ್ಗವೇ ಮೇಲೆ? ಅದರಲ್ಲಿ ಸ್ಥಳ ಉಳಿಯುತ್ತದೆ. ಅಕ್ಷರವನ್ನು ತೆರೆಯ ಮೇಲೆ ಕೂಡಿಸಿ ಬರೆಯುವ ಶ್ರಮವೂ ಇಲ್ಲ. ಆದರೆ ಹೊಸ ಧ್ವನಿಗೆ ಹೊಸ ವ್ಯಂಜನ ಬೇಕಾದರೆ ಒಂದಲ್ಲ, ಅದರ ಸಾಲಿಗೆ ಸಾಲೇ ಬೇಕು. ನೆರೆಯ ಇತರ ಭಾಷೆಗಳಿಗಾಗಿ ೨೦೦೫ರಲ್ಲಿಯೂ ೨೦೧೦ರಲ್ಲಿಯೂ, ಗುರಾಗೆ ಭಾಷೆಗಳಿಗಾಗಿ ೨೦೨೧ರಲ್ಲಿಯೂ ಹೊಸ ಅಕ್ಷರಗಳನ್ನು ಸೇರಿಸಬೇಕಾಯಿತು. ಅಲ್ಲಿಯವರೆಗೆ ಆ ಜನರ ಕೆಲವು ಅಕ್ಷರಗಳಿಗೆ ಈ ಪಟ್ಟಿಯಲ್ಲಿ ಸ್ಥಾನವೇ ಇರಲಿಲ್ಲ. ನಮ್ಮಲ್ಲಾದರೋ ಹೊಸ ವ್ಯಂಜನವೊಂದು ಬಂದರೆ ಹಳೆಯ ಸ್ವರಚಿಹ್ನೆಗಳೇ ಅದಕ್ಕೂ ಸಾಕಾಗುತ್ತವೆ.

ಒಮ್ಮೆ ಕೊಟ್ಟ ಸಂಖ್ಯೆಯನ್ನು ಹಿಂತೆಗೆಯುವಂತಿಲ್ಲ, ಹೆಸರನ್ನೂ ಬದಲಿಸುವಂತಿಲ್ಲ; ಇದು ಯೂನಿಕೋಡಿನ ನಿಯಮ. ನಿಯಮ ಸಡಿಲವಾದರೆ ನಿನ್ನೆ ಬರೆದುದನ್ನು ನಾಳೆ ಓದಲಾಗದು. ಅದರ ಬಿಗಿಯನ್ನು ನಾವೂ ಅನುಭವಿಸಿದ್ದೇವೆ. ೩೨೯೪ನೆಯ ಸ್ಥಾನದಲ್ಲಿರುವುದು ಹಳಗನ್ನಡದ ೞಕಾರ. ಆದರೆ ಅಲ್ಲಿ ಅದಕ್ಕೆ ಬಿದ್ದ ಹೆಸರು ‘ಫ’! ತಪ್ಪು ತಿಳಿದ ಮೇಲೆ ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿದರೇ ಹೊರತು ಮೊದಲ ಹೆಸರು ಹಾಗೆಯೇ ಉಳಿಯಿತು.

ಇದರಿಂದ ತಿಳಿಯುವುದೇನೆಂದರೆ, ಲಿಪಿಗೆ ಸಂಖ್ಯೆ ಕೊಡುವುದು ಯಂತ್ರಶಿಲ್ಪಿಯೊಬ್ಬನಿಂದಲೇ ಆಗತಕ್ಕ ಕೆಲಸವಲ್ಲ. ಆ ಭಾಷೆಯ ವ್ಯಾಕರಣವನ್ನೂ ಹಳೆಯ ಬರಹವನ್ನೂ ಬಲ್ಲವರು ಅವನ ಪಕ್ಕದಲ್ಲಿ ಕುಳಿತಿರಬೇಕು. ಕಲಾವಿಭಾಗದ ವಿದ್ಯಾರ್ಥಿಗಳಾದ ನಮಗೆ ಗಣಕದಲ್ಲಿ ಏನು ಕೆಲಸವೆಂದು ಕೇಳುವವರಿಗೆ ಆ ೞಕಾರವೇ ಉತ್ತರ ಹೇಳುತ್ತದೆ.