ಮುಖ್ಯಸ್ಥರನ್ನು ನೌಕರರು ಅಳೆಯುವ ಬಗೆ: ನೋಕಿಯಾ ಸಂಸ್ಥೆ ಕಲಿಸುವ ಪಾಠ

ಉದ್ದಿಮೆಯಲ್ಲಿ ಮಾಲೀಕರು ನೌಕರರ ಕೆಲಸವನ್ನು ಅಳೆಯುವಂತೆ ನೌಕರರೂ ಮಾಲೀಕರ ನಾಯಕತ್ವವನ್ನು ಅಳೆಯುತ್ತಿರುತ್ತಾರೆ. ಮೊದಲನೆಯದಕ್ಕೆ ಹಾಜರಿ ಪುಸ್ತಕ, ಉತ್ಪಾದನಾ ವರದಿಗಳಿವೆ. ಎರಡನೆಯದಕ್ಕೆ ಯಾವ ದಾಖಲೆಯೂ ಇರುವುದಿಲ್ಲ. ಆದರೆ ವ್ಯಾಪಾರ ಇಳಿಮುಖವಾದಾಗ ಸಂಸ್ಥೆಯ ಅಳಿವು ಉಳಿವುಗಳಲ್ಲಿ ಈ ಎರಡನೆಯ ತೀರ್ಪಿನ ಪಾತ್ರ ದೊಡ್ಡದು. ಫಿನ್ಲೆಂಡಿನ ನೋಕಿಯಾ ಸಂಸ್ಥೆಯ ಅನುಭವ ಇದಕ್ಕೆ ಉತ್ತಮ ನಿದರ್ಶನ.

1865ರಲ್ಲಿ ಮರದ ತಿರುಳಿನ ಗಿರಣಿಯಾಗಿ ಆರಂಭವಾದ ನೋಕಿಯಾ, ಮುಂದೆ ಜಗತ್ತಿನ ಅತಿ ದೊಡ್ಡ ಮೊಬೈಲ್ ತಯಾರಕ ಸಂಸ್ಥೆಯಾಗಿ ಬೆಳೆಯಿತು. ಟಾರ್ಚ್ ಸಹಿತವಾಗಿ 2003ರಲ್ಲಿ ಬಂದ ಅದರ 1100 ಮಾದರಿ ಭಾರತದಲ್ಲಿಯೂ ಮನೆಮಾತಾಗಿತ್ತು. 2007ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಸ್ಮಾರ್ಟ್‌ಫೋನುಗಳ ಪೈಕಿ ಸುಮಾರು ಅರ್ಧದಷ್ಟು ನೋಕಿಯಾದವೇ ಆಗಿದ್ದವು. ಅದೇ ವರ್ಷ ಆಪಲ್ ಸಂಸ್ಥೆಯ ಐಫೋನ್ ಮಾರುಕಟ್ಟೆಗೆ ಬಂದಿತು. ಆರೇ ವರ್ಷಗಳಲ್ಲಿ, ಅಂದರೆ 2013ರ ಸೆಪ್ಟೆಂಬರ್‌ನಲ್ಲಿ, ನೋಕಿಯಾ ತನ್ನ ಮೊಬೈಲ್ ವಿಭಾಗವನ್ನು 544 ಕೋಟಿ ಯೂರೋಗಳಿಗೆ ಮೈಕ್ರೋಸಾಫ್ಟ್‌ಗೆ ಮಾರಲು ಒಪ್ಪಿತು.

ಭಯದ ಬೆಲೆ

ಈ ಕುಸಿತಕ್ಕೆ ತಂತ್ರಜ್ಞಾನದ ಹಿನ್ನಡೆಯೊಂದೇ ಕಾರಣವಲ್ಲ. ಇನ್ಸಿಯಾಡ್ ನಿರ್ವಹಣಾ ಶಾಲೆಯ ಕ್ವಿ ಹುಯ್ ಹಾಗೂ ಆಲ್ಟೊ ವಿಶ್ವವಿದ್ಯಾಲಯದ ಟಿಮೊ ವುವೊರಿ ಅವರು ಸಂಸ್ಥೆಯ ಉನ್ನತ ಅಧಿಕಾರಿಗಳು, ಮಧ್ಯಮ ಹಂತದ ವ್ಯವಸ್ಥಾಪಕರು, ಎಂಜಿನಿಯರುಗಳು ಹಾಗೂ ಹೊರಗಿನ ತಜ್ಞರೊಂದಿಗೆ 76 ಸಂದರ್ಶನಗಳನ್ನು ನಡೆಸಿ ಅಧ್ಯಯನವೊಂದನ್ನು ಪ್ರಕಟಿಸಿದರು. ಅದು ಎತ್ತಿ ತೋರಿಸಿದ ಮುಖ್ಯ ಅಂಶ ಭಯ.

ಉನ್ನತ ಅಧಿಕಾರಿಗಳಿಗೆ ಪ್ರತಿಸ್ಪರ್ಧಿಗಳ ಭಯವಿತ್ತು. ಮಧ್ಯಮ ಹಂತದವರಿಗೆ ಮೇಲಧಿಕಾರಿಗಳ ಭಯವಿತ್ತು. ಸಂಸ್ಥೆಯ ಸಿಂಬಿಯನ್ ತಂತ್ರಾಂಶ ಹಿಂದೆ ಬಿದ್ದಿದೆಯೆಂಬುದು ಅದನ್ನು ರೂಪಿಸುತ್ತಿದ್ದವರಿಗೆ ತಿಳಿದಿತ್ತು. ಆದರೆ ಹೇಳಿದರೆ ಗದರಿಕೆ, ಅಸಮರ್ಥನೆಂಬ ಹಣೆಪಟ್ಟಿ, ಸ್ಥಾನ ಕಳೆದುಕೊಳ್ಳುವ ಆತಂಕ. ಆದ್ದರಿಂದ ಅಸಾಧ್ಯವಾದ ಗಡುವುಗಳಿಗೂ ಒಪ್ಪಿಗೆ ದೊರೆಯುತ್ತಿತ್ತು. ಮೇಲಕ್ಕೆ ಹೋಗುವ ವರದಿಗಳು ಆಶಾದಾಯಕವಾಗಿಯೇ ಇರುತ್ತಿದ್ದವು. ನೌಕರರು ತಮ್ಮ ಮುಖ್ಯಸ್ಥರ ಬಗ್ಗೆ ತೀರ್ಪು ನೀಡಿಯಾಗಿತ್ತು: ಇವರು ಸತ್ಯವನ್ನು ಸಹಿಸುವವರಲ್ಲ. ಆ ತೀರ್ಪು ಮಾತಿನಲ್ಲಿ ಪ್ರಕಟವಾಗಲಿಲ್ಲ, ಮೌನದಲ್ಲಿ ಪ್ರಕಟವಾಯಿತು.

ತಡವಾಗಿ ಬಂದ ಸತ್ಯ

2010ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್‌ನಿಂದ ಬಂದ ಸ್ಟೀಫನ್ ಎಲೊಪ್ ಮುಖ್ಯ ಕಾರ್ಯನಿರ್ವಹಣಾಧಿಕಾರಿಯಾದರು. 2011ರ ಫೆಬ್ರವರಿಯಲ್ಲಿ ಅವರು ನೌಕರರಿಗೆ ಬರೆದ ಪತ್ರದಲ್ಲಿ, ಸಮುದ್ರದ ನಡುವೆ ಹೊತ್ತಿ ಉರಿಯುವ ತೈಲಕಟ್ಟೆಯ ಮೇಲೆ ನಿಂತವನ ಸ್ಥಿತಿಗೆ ಸಂಸ್ಥೆಯ ಸ್ಥಿತಿಯನ್ನು ಹೋಲಿಸಿದರು. ಪತ್ರ ಹೊರಗೆ ಸೋರಿತು. ಫೆಬ್ರವರಿ 11ರಂದು ಸಿಂಬಿಯನ್ ಬದಲು ಮೈಕ್ರೋಸಾಫ್ಟ್‌ನ ತಂತ್ರಾಂಶವನ್ನು ಅಳವಡಿಸಿಕೊಳ್ಳುವ ನಿರ್ಧಾರ ಪ್ರಕಟವಾಯಿತು. ಅಂದೇ ಟಾಂಪೆರೆ ನಗರದ ಕಚೇರಿಯಿಂದ ಅನೇಕ ನೌಕರರು ಕೆಲಸದ ವೇಳೆ ಮುಗಿಯುವ ಮೊದಲೇ ಹೊರನಡೆದು ತಮ್ಮ ಅಸಮ್ಮತಿಯನ್ನು ಸೂಚಿಸಿದರು.

ಎಲೊಪ್ ನುಡಿದುದರಲ್ಲಿ ಸುಳ್ಳಿರಲಿಲ್ಲ. ಆದರೆ ಹಳೆಯ ಸರಕು ಕೆಲಸಕ್ಕೆ ಬಾರದೆಂದು ಸಾರಿದಾಗ ಹೊಸ ಸರಕು ಸಿದ್ಧವಿರಲಿಲ್ಲ. ಹೊಸ ತಂತ್ರಾಂಶದ ಫೋನುಗಳು ಅಂಗಡಿಗೆ ಬಂದದ್ದು ಆ ವರ್ಷದ ನವೆಂಬರ್‌ನಲ್ಲಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತಾಯಿತು. 2010ರ ಕೊನೆಯ ತ್ರೈಮಾಸಿಕದಲ್ಲಿ 2.83 ಕೋಟಿಯಿದ್ದ ಸ್ಮಾರ್ಟ್‌ಫೋನ್ ಮಾರಾಟ, 2011ರ ಏಪ್ರಿಲ್-ಜೂನ್ ಅವಧಿಯಲ್ಲಿ 1.67 ಕೋಟಿಗೆ ಇಳಿಯಿತು. ಆಂಡ್ರಾಯ್ಡ್ ಫೋನುಗಳ ಪೈಪೋಟಿಯೂ ಇದಕ್ಕೆ ಕಾರಣವೆನ್ನುವುದು ನಿಜ. ಆದರೂ ತಯಾರಕರೇ ಕೈಬಿಟ್ಟ ಸರಕನ್ನು ಮಾರುವ ಕಷ್ಟ ಯಾವ ವ್ಯಾಪಾರಿಗಾದರೂ ತಿಳಿದದ್ದೇ.

ಮಾರಾಟದ ಬಳಿಕ ಎಲೊಪ್ ಅವರಿಗೆ 1.8 ಕೋಟಿ ಯೂರೋಗೂ ಹೆಚ್ಚಿನ ಪರಿಹಾರ ಧನ ಗೊತ್ತಾದಾಗ ಫಿನ್ಲೆಂಡಿನಲ್ಲಿ ತೀವ್ರ ಅಸಮಾಧಾನ ವ್ಯಕ್ತವಾಯಿತು. ಇತ್ತ 2014ರ ಜುಲೈನಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ಉದ್ಯೋಗ ಕಡಿತದಲ್ಲಿ ನೋಕಿಯಾದಿಂದ ಬಂದ ವಿಭಾಗದ ಪಾಲೇ ಸುಮಾರು 12,500. ನಷ್ಟದ ಹಂಚಿಕೆಯನ್ನು ನೌಕರರು ಎಲ್ಲಕ್ಕಿಂತ ಸೂಕ್ಷ್ಮವಾಗಿ ಗಮನಿಸುತ್ತಾರೆ.

2012ರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಾದ ರಿಸ್ಟೊ ಸಿಲಾಸ್ಮಾ ಇದಕ್ಕೆ ವಿರುದ್ಧವಾದ ರೂಢಿಯನ್ನು ಬೆಳೆಸಲು ಯತ್ನಿಸಿದರು. ಕೆಟ್ಟ ಸುದ್ದಿಯನ್ನು ಸ್ವಾಗತಿಸಬೇಕು, ಸುದ್ದಿಯೇ ಬಾರದಿದ್ದರೆ ಚಿಂತಿಸಬೇಕು ಎಂಬುದು ಅವರ ಸೂತ್ರವಾಗಿತ್ತು. ಮೊಬೈಲ್ ವಿಭಾಗ ಕೈಬಿಟ್ಟರೂ ನೋಕಿಯಾ ದೂರಸಂಪರ್ಕ ಜಾಲದ ಉಪಕರಣಗಳ ತಯಾರಿಕೆಯಲ್ಲಿ ನೆಲೆ ಕಂಡುಕೊಂಡಿತು.

ಸಣ್ಣ ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ಇಪ್ಪತ್ತು ಮಂದಿಯ ಕಾರ್ಖಾನೆಯಲ್ಲಿಯೂ ಯಂತ್ರದ ದೋಷ, ತಿರಸ್ಕೃತವಾದ ಸರಕು, ತಪ್ಪಲಿರುವ ಗಡುವು ಮೊದಲು ತಿಳಿಯುವುದು ಕೆಲಸಗಾರನಿಗೆ. ಅದನ್ನು ಹೇಳಲು ಬಂದವನಿಗೆ ಮೊದಲ ಸಲ ದೊರೆತ ಉತ್ತರವೇ ಮುಂದೆ ಎಲ್ಲರೂ ಬಾಯಿ ತೆರೆಯುವರೋ ಮುಚ್ಚುವರೋ ಎಂಬುದನ್ನು ತೀರ್ಮಾನಿಸುತ್ತದೆ.

2. ಯಾವಾಗ ಮುಗಿಯುತ್ತದೆ ಎಂದಷ್ಟೇ ಕೇಳಿದರೆ ಮೆಚ್ಚುಗೆಯಾಗುವ ದಿನಾಂಕ ಸಿಗುತ್ತದೆ. ಎಲ್ಲಿ ತಡೆಯಾಗಿದೆ ಎಂದು ಕೇಳಿದರೆ ನಿಜ ಸ್ಥಿತಿ ತಿಳಿಯುತ್ತದೆ.

3. ಹಳೆಯ ಸರಕನ್ನು ಕೈಬಿಡುವ ನಿರ್ಧಾರವನ್ನು ಬಹಿರಂಗಪಡಿಸುವ ಮುನ್ನ ಹೊಸ ಸರಕು ಕೈಗೆ ಬಂದಿರಬೇಕು, ಮಾರಾಟಗಾರರ ಬಳಿಯಿರುವ ದಾಸ್ತಾನಿಗೆ ದಾರಿ ಕಂಡಿರಬೇಕು.

4. ಖರ್ಚು ಕಡಿತ ಅನಿವಾರ್ಯವಾದಾಗ ಅದು ಮಾಲೀಕರ ಮೇಜಿನಿಂದ ಆರಂಭವಾಗಬೇಕು.

ತಿಂಗಳುಗಟ್ಟಲೆ ಒಂದೂ ದೂರು ಮೇಲೆ ಬಾರದಿದ್ದರೆ ಎಲ್ಲವೂ ಸುಗಮವಾಗಿದೆಯೆಂದು ನೆಮ್ಮದಿಪಡುವುದು ಸಹಜ. ನೋಕಿಯಾದ ಮುಖ್ಯಸ್ಥರಿಗೂ ಆಶಾದಾಯಕ ವರದಿಗಳೇ ಬರುತ್ತಿದ್ದವು.